ಪುಂಡಿ ನಾರಿನ ಬೋರ್ಡು ಬರೀ ಎಪಾಕ್ಸಿಗಿಂತ ಮೊದಲೇ ಮುರಿದದ್ದು ಯಾಕೆ?

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನವನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಊರಲ್ಲೇ ಸಣ್ಣ ವರ್ಕ್‌ಶಾಪ್ ಇಟ್ಟಿದ್ದೇನೆ. ನಮ್ಮ ಹೊಲದ ಪುಂಡಿ ಗಿಡದಿಂದ ನಾರು ತೆಗೆದು, 5 ಮಿ.ಮೀ. ತುಂಡು ಮಾಡಿ, ಎಪಾಕ್ಸಿ ಅಂಟಿನಲ್ಲಿ ಕಲಸಿ ಮೂರು ಬೋರ್ಡ್ ಮಾಡಿದೆ. ನಾರು 20, 30, 40 ಪರ್ಸೆಂಟ್. ಒಂದು ಕಾಲೇಜಿನ ಲ್ಯಾಬಿನಲ್ಲಿ ಎಳೆದು ನೋಡಿದಾಗ 38, 34, 22 ಎಂಪಿಎ (ಮೆಗಾಪಾಸ್ಕಲ್, ಶಕ್ತಿಯ ಅಳತೆ) ಬಂತು. ಬರೀ ಎಪಾಕ್ಸಿಯ ಪಟ್ಟಿ 52 ತಡೆಯಿತು! ನಾರು ಹಾಕಿದರೆ ಗಟ್ಟಿಯಾಗಬೇಕಲ್ವಾ? ಪುಂಡಿಯೇ ಸರಿಯಿಲ್ಲವೇ? ಸೋಡಾದಲ್ಲಿ ನೆನೆಸಿ ಅನ್ನುತ್ತಾರೆ, ಎಷ್ಟು ಹೊತ್ತು? ಮುಂದೆ ಬಗ್ಯಾಸ್ (ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆ) ಅಥವಾ ಕಣಿಕಿಯಿಂದ (ಜೋಳದ ಒಣ ದಂಟು) ಪ್ಲೈವುಡ್ ಬದಲಿಗೆ ಬೋರ್ಡ್ ಮಾಡಿ ಮಾರುವ ಆಸೆ ಇದೆ. ಮುರಿದ ತುಂಡುಗಳ ಫೋಟೋ ಕಳಿಸಿದ್ದೇನೆ.

ಉತ್ತರ:

ಪುಂಡಿಯ ಮೇಲೆ ಅನುಮಾನ ಬೇಡ. ನೀವು ಕಳಿಸಿದ ಫೋಟೋದಲ್ಲೇ ಅರ್ಧ ಉತ್ತರ ಇದೆ.

ಎರಡನೇ ಫೋಟೋ ದೊಡ್ಡದು ಮಾಡಿ ನೋಡಿ. ಮುರಿದ ಅಂಚಿನಿಂದ ನಾರಿನ ಎಳೆಗಳು ಸವೆದ ಕಸಬರಿಗೆಯ ಹಾಗೆ ಹೊರಗೆ ಚಾಚಿಕೊಂಡಿವೆ. ಎಳೆಗಳ ಮೈ ನುಣ್ಣಗಿದೆ, ಅಂಟಿನ ಒಂದು ಚೂರೂ ಹತ್ತಿಲ್ಲ. ಎದುರಿನ ತುಂಡಿನಲ್ಲಿ ಸಣ್ಣ ಸಣ್ಣ ತೂತುಗಳಿವೆ. ಅಂದರೆ ನಾರು ಹರಿದಿಲ್ಲ. ಒರೆಯಿಂದ ಕತ್ತಿ ಹಿರಿದ ಹಾಗೆ ಜಾರಿ ಹೊರಗೆ ಬಂದಿದೆ. ನಿಮ್ಮ ಮಶೀನು ಅಳೆದದ್ದು ಪುಂಡಿಯ ಶಕ್ತಿಯನ್ನಲ್ಲ. ಪುಂಡಿಗೂ ಎಪಾಕ್ಸಿಗೂ ಇದ್ದ ಹಿಡಿತ ಎಷ್ಟು ಕಡಿಮೆ ಅನ್ನೋದನ್ನು ಅಳೆದಿದೆ.

ಹಿಡಿತ ಇಲ್ಲದ ನಾರು ಅಂದರೆ ಬೋರ್ಡಿನ ಒಳಗೆ ಒಂದು ತೂತು, ಅಷ್ಟೇ. 20 ಪರ್ಸೆಂಟ್ ನಾರು ಹಾಕಿದಾಗ ನೀವು ಎಪಾಕ್ಸಿಯೊಳಗೆ ಸಾವಿರಾರು ಉದ್ದುದ್ದ ತೂತು ಕೊರೆದಿರಿ. 40 ಹಾಕಿದಾಗ ಅದರ ಎರಡರಷ್ಟು. 52 ಇದ್ದದ್ದು 38, 34, 22 ಎಂದು ಇಳಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ನಿಮ್ಮ ಮನೆಯಲ್ಲಿ ಹಿರಿಯರು ಪುಂಡಿ ಹಗ್ಗ ಹೊಸೆಯುವುದನ್ನು ನೋಡಿರಬೇಕು. ಹಗ್ಗ ಹತ್ತು ಮಾರು ಉದ್ದ ಇರುತ್ತದೆ, ಒಂದೊಂದು ನಾರು ಅಷ್ಟು ಉದ್ದ ಇರುವುದಿಲ್ಲ. ಆದರೂ ಎತ್ತು ಜಗ್ಗಿದರೆ ಹಗ್ಗ ಬಿಚ್ಚಿಕೊಳ್ಳುವುದಿಲ್ಲ. ಹುರಿ ಕೊಟ್ಟಿದ್ದರಿಂದ ಎಳೆಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಒಂದು ನಾರಿನ ಭಾರ ಪಕ್ಕದ ನಾರಿಗೆ ದಾಟುತ್ತಾ ಹೋಗುತ್ತದೆ. ಹುರಿ ಬಿಚ್ಚಿ ಎಳೆಯಿರಿ, ಎರಡು ಬೆರಳಿನಲ್ಲಿ ಕಿತ್ತು ಬರುತ್ತದೆ. ಬೋರ್ಡಿನಲ್ಲಿ ಹುರಿಯ ಕೆಲಸ ಮಾಡುವುದು ಅಂಟು. ಅದು ನಾರಿನ ಮೈಯನ್ನು ಬಿಗಿಯಾಗಿ ಹಿಡಿದರೆ ಮಾತ್ರ ಭಾರ ನಾರಿಗೆ ಹೋಗುತ್ತದೆ.

ಇದಕ್ಕೆ ಒಂದು ಸರಳ ಲೆಕ್ಕ ಇದೆ. ನಾರಿನ ಶಕ್ತಿಯನ್ನು ಅದರ ದಪ್ಪದಿಂದ ಗುಣಿಸಿ, ಅಂಟಿನ ಹಿಡಿತದ ಎರಡರಷ್ಟರಿಂದ ಭಾಗಿಸಿ. ಬರುವ ಉದ್ದಕ್ಕಿಂತ ನಾರು ಚಿಕ್ಕದಾಗಿದ್ದರೆ ಅದು ಹರಿಯುವ ಮೊದಲೇ ಜಾರುತ್ತದೆ. ಎಳೆಯ ದಪ್ಪ 0.1 ಮಿ.ಮೀ., ಶಕ್ತಿ 400 ಎಂಪಿಎ, ಹಿಡಿತ 5 ಎಂಪಿಎ ಅಂತ ಇಟ್ಟುಕೊಳ್ಳೋಣ. ಉತ್ತರ 4 ಮಿ.ಮೀ. ನಿಮ್ಮ 5 ಮಿ.ಮೀ. ತುಂಡು ಹೇಗೋ ಪಾಸಾಗುತ್ತಿತ್ತು. ಆದರೆ ನಾರು ಜಿಡ್ಡಾಗಿದ್ದು, ತೇವ ಇದ್ದು, ಹಿಡಿತ 1 ಎಂಪಿಎಗೆ ಇಳಿದರೆ? ಆಗ 20 ಮಿ.ಮೀ. ಬೇಕು. 5 ಮಿ.ಮೀ. ತುಂಡು ಏನೂ ಮಾಡದು. ಮುಂದಿನ ಸಲ 25ರಿಂದ 30 ಮಿ.ಮೀ. ಇಟ್ಟುಕೊಳ್ಳಿ. ಕಲಸುವುದು ಕಷ್ಟ ಆಗುತ್ತದೆ, ಗಂಟು ಕಟ್ಟುತ್ತದೆ. ಹಾಗಾಗಿ ಕಲಸಲೇ ಬೇಡಿ. ನಾರನ್ನು ಹಾಸಿ, ಮೇಲೆ ಅಂಟು ಸುರಿದು ರೋಲರ್ ಆಡಿಸಿ. ಉದ್ದ ನಾರನ್ನು ಒಂದೇ ದಿಕ್ಕಿಗೆ ಬಾಚಿ ಹಾಸಿದರೆ ಇನ್ನೂ ಒಳ್ಳೆಯದು. ದಿಕ್ಕುದೆಸೆ ಇಲ್ಲದೆ ಚೆಲ್ಲಿದ ನಾರು ಬೋರ್ಡಿಗೆ ಕೊಡುವ ಬಿಗುವು, ಒಂದೇ ದಿಕ್ಕಿಗೆ ಹಾಸಿದ ನಾರು ಕೊಡುವುದರಲ್ಲಿ ಮೂರನೇ ಒಂದು ಪಾಲು ಚಿಲ್ಲರೆ ಮಾತ್ರ. ಆದರೆ ಒಂದೇ ದಿಕ್ಕಿಗೆ ಹಾಸಿದ ಬೋರ್ಡು ಅಡ್ಡ ದಿಕ್ಕಿಗೆ ತೀರಾ ಮೆತ್ತಗೆ ಅನ್ನೋದು ನೆನಪಿರಲಿ.

ಈಗ ನಾರು. ಪುಂಡಿ ಅಂದರೆ ನಮ್ಮ ಕಡೆ ಮೊದಲು ಪಲ್ಯ ನೆನಪಾಗುತ್ತದೆ, ಜೋಳದ ನುಚ್ಚು ಹಾಕಿ ಮಾಡಿದ್ದು. ಇದೇ ಬಳಗದ ಗಿಡವನ್ನು ಹೊರದೇಶದವರು ಕೆನಾಫ್ ಅನ್ನುತ್ತಾರೆ. ಟೊಯೋಟಾದವರು ಕಾರಿನ ಬಾಗಿಲಿನ ಒಳಪದರಕ್ಕೆ ಇದೇ ಕೆನಾಫ್ ನಾರು ಬಳಸಿದ್ದಾರೆ. ಹಾಗಾಗಿ ಗಿಡದಲ್ಲಿ ದೋಷ ಹುಡುಕಬೇಡಿ. ದೋಷ ಇರುವುದು ಕೊಯ್ಯುವ ಹದದಲ್ಲಿ, ನಾರು ಬಿಡಿಸಲು ದಂಟನ್ನು ನೀರಿನಲ್ಲಿ ಕೊಳೆಹಾಕುವ ಹದದಲ್ಲಿ. ಹಗ್ಗಕ್ಕೆ ಅಂತ ಬೆಳೆಯುವವರು ಬೀಜ ಬಲಿಯುವ ತನಕ ಬಿಡುತ್ತಾರೆ. ಆಗ ನಾರು ಒರಟಾಗುತ್ತದೆ. ಬೋರ್ಡಿಗೆ ಬೇಕಾದರೆ ಹೂ ಬಿಡುವಾಗಲೇ ಕೊಯ್ಯಿರಿ. ಕೊಳೆಹಾಕಿದ್ದು ಕಡಿಮೆಯಾದರೆ ತೊಗಟೆ ಅಂಟಿಕೊಂಡೇ ಇರುತ್ತದೆ. ನಾರು ಎಳೆಯಾಗದೆ ಪಟ್ಟಿ ಪಟ್ಟಿಯಾಗಿ ಬರುತ್ತದೆ, ಆ ಪಟ್ಟಿಯ ಒಳಗೆ ಅಂಟು ಇಳಿಯುವುದಿಲ್ಲ. ನಿಮ್ಮ ಮೂರನೇ ಫೋಟೋದಲ್ಲಿ ಕಂದು ಬಣ್ಣದ ಪಟ್ಟಿಗಳು ಕಾಣುತ್ತವೆ, ಅವೇ ಇವು. ಜಾಸ್ತಿ ಕೊಳೆತರೆ ನಾರೇ ಸತ್ತುಹೋಗುತ್ತದೆ. ದಿನ ಎಣಿಸಿ ಇದನ್ನು ಹೇಳಲಾಗದು. ಚಳಿಗಾಲದ ಹಳ್ಳದ ನೀರಿಗೂ ಬೇಸಿಗೆಯ ತೊಟ್ಟಿ ನೀರಿಗೂ ಅಜಗಜಾಂತರ. ಎಂಟನೇ ದಿನದಿಂದ ದಿನಾ ಒಂದು ದಂಟು ತೆಗೆದು ನೋಡಿ. ಬುಡದಲ್ಲಿ ಹಿಡಿದು ಎಳೆದರೆ ನಾರು ತುದಿಯ ತನಕ ಸಲೀಸಾಗಿ ಬಿಡಿಸಿಕೊಂಡು ಬಂದ ದಿನ ತೆಗೆಯಿರಿ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಬೋರ್ಡು ಕೆಡಿಸುವ ಒಂದು ಸಂಗತಿ ಇದೆ. ಅದು ನೀರು. ಇದರಲ್ಲಿ ನಾನೇ ಕೈ ಸುಟ್ಟುಕೊಂಡವನು. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಶೆಡ್ಡಿತ್ತು. ಒಂದು ಮಳೆಗಾಲದಲ್ಲಿ ಕತ್ತಾಳೆ ನಾರಿನಿಂದ ಮಶೀನಿಗೆ ಹಾಕುವ ಕವರ್ ಮಾಡಲು ಹೊರಟೆ. ಮಳೆ ಬಿಟ್ಟ ಒಂದು ಮಧ್ಯಾಹ್ನ ನಾರನ್ನು ತಾರಸಿಯ ಮೇಲೆ ಬಿಸಿಲಿಗೆ ಹಾಕಿದೆ. ಸಂಜೆ ಮುಟ್ಟಿ ನೋಡಿದರೆ ಗರಿಗರಿ ಒಣಗಿತ್ತು. ಮರುದಿನ ಬೆಳಿಗ್ಗೆ ಹಾಸಿ ಅಂಟು ಹಾಕಿದೆ. ಅಚ್ಚಿನಿಂದ ಬಿಡಿಸಿದಾಗ ಅಲ್ಲಲ್ಲಿ ಬೆಳ್ಳಗಿನ ಮಚ್ಚೆ. ಬೆರಳಿನಿಂದ ತಟ್ಟಿದರೆ ಒಂದು ಕಡೆ ಟಕ್ ಟಕ್, ಇನ್ನೊಂದು ಕಡೆ ಡಬ್ ಡಬ್. ಎರಡು ತಿಂಗಳಲ್ಲಿ ಡಬ್ ಅಂದ ಜಾಗಗಳೆಲ್ಲ ಪದರ ಬಿಟ್ಟವು. ಆಮೇಲೆ ಬುದ್ಧಿ ಬಂದು, ಅದೇ ರೀತಿ 'ಒಣಗಿದ' 100 ಗ್ರಾಂ ನಾರನ್ನು ಓವನ್ನಿಗೆ ಇಟ್ಟೆ. ತೂಕ 89 ಗ್ರಾಮಿಗೆ ನಿಂತಿತು. ಕೈಗೆ ಗರಿಗರಿ ಅನ್ನಿಸಿದ ನಾರಿನಲ್ಲಿ 11 ಗ್ರಾಂ ನೀರಿತ್ತು! ರಾತ್ರಿಯ ಹವೆಯಿಂದ ಕುಡಿದದ್ದು.

ಗಿಡದ ನಾರು ನೀರನ್ನು ಪ್ರೀತಿಸುವ ವಸ್ತು. ಎಪಾಕ್ಸಿಗೆ ನೀರೆಂದರೆ ಆಗದು. ನಾರಿನ ಮೈಮೇಲೆ ತೇವ ಇದ್ದರೆ ಅಂಟು ಅಲ್ಲಿ ಕೂರುವುದೇ ಇಲ್ಲ. ಬಿಸಿಯಾದಾಗ ಆ ತೇವ ಗುಳ್ಳೆಯಾಗುತ್ತದೆ. ಮುಧೋಳದ ಬಿಸಿಲು ಬೆಳಗಾವಿಗಿಂತ ಚುರುಕು ನಿಜ, ಆದರೂ ಬಿಸಿಲನ್ನು ನಂಬಬೇಡಿ. 80 ಡಿಗ್ರಿ ಓವನ್ನಿನಲ್ಲಿ ಇಟ್ಟು ಗಂಟೆಗೊಮ್ಮೆ ತೂಕ ನೋಡಿ. ಎರಡು ಸಲ ಒಂದೇ ತೂಕ ಬಂದರೆ ಒಣಗಿತು ಅಂತ ಅರ್ಥ. ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅಂಟು ಕಲಸಿದ ಮೇಲೆಯೇ ಬಿಚ್ಚಿ. ಓವನ್ ಇಲ್ಲದಿದ್ದರೆ ಹಳೆಯ ತಗಡಿನ ಪೆಟ್ಟಿಗೆಯಲ್ಲಿ ಹಳೇ ಮಾದರಿಯ, ಬಿಸಿಯಾಗುವ ಎರಡು ಬಲ್ಬು ಹಾಕಿ ಒಂದು ಥರ್ಮಾಮೀಟರ್ ತೂರಿಸಿ. ನಾನು ಹಾಗೆ ಶುರು ಮಾಡಿದ್ದು. ನಾರು ಬಲ್ಬಿಗೆ ತಾಗದಂತೆ ಜಾಲರಿ ಇರಲಿ, ಪೆಟ್ಟಿಗೆಯನ್ನು ಬಿಟ್ಟು ಹೋಗಬೇಡಿ.

ಸೋಡಾದ ಮಾತು. ಅಡಿಗೆ ಸೋಡಾ ಅಲ್ಲ, ಬಟ್ಟೆ ಒಗೆಯುವ ಸೋಡಾನೂ ಅಲ್ಲ. ಕಾಸ್ಟಿಕ್ ಸೋಡಾ. ಇದು ನಾರಿನ ಮೇಲಿನ ಮೇಣ, ಜಿಗುಟು, ಹೆಮಿಸೆಲ್ಯುಲೋಸನ್ನು ತೆಗೆಯುತ್ತದೆ. ಮೈ ಒರಟಾಗುತ್ತದೆ, ದಪ್ಪ ಎಳೆ ಬಿಚ್ಚಿ ಸಣ್ಣ ಎಳೆಗಳಾಗುತ್ತದೆ. ಗಿಲಾವು ಮಾಡುವ ಮೊದಲು ನುಣ್ಣನೆ ಕಾಂಕ್ರೀಟಿಗೆ ಕಚ್ಚು ಹಾಕುತ್ತಾರಲ್ಲ, ಅದೇ ಕೆಲಸ. ಒಂದು ಲೀಟರ್ ನೀರಿಗೆ 50 ಗ್ರಾಂ. ಎರಡು ಗಂಟೆಯಿಂದ ಶುರು ಮಾಡಿ, ನಾಲ್ಕು ಗಂಟೆ ದಾಟಬೇಡಿ. ಜಾಸ್ತಿ ನೆನೆದರೆ ನಾರು ಬೆಳ್ಳಗೆ ಚೆಂದ ಕಾಣುತ್ತದೆ, ಕೈಯಲ್ಲಿ ಪಟ್ಟನೆ ಹರಿಯುತ್ತದೆ. ನೋಟಕ್ಕೆ ಮರುಳಾಗಬೇಡಿ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು. ಕಾದು ಸಿಡಿಯುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅಲ್ಯುಮಿನಿಯಂ ಪಾತ್ರೆ ಖಂಡಿತ ಬೇಡ, ಅದನ್ನು ಸೋಡಾ ತಿನ್ನುತ್ತದೆ ಮತ್ತು ಹೊತ್ತಿಕೊಳ್ಳುವ ಹೈಡ್ರೋಜನ್ ಗ್ಯಾಸ್ ಬರುತ್ತದೆ. ಪ್ಲಾಸ್ಟಿಕ್ ಬಕೆಟ್ ಸಾಕು. ತೆಗೆದ ಮೇಲೆ ನಾಲ್ಕೈದು ನೀರಿನಲ್ಲಿ ತೊಳೆಯಿರಿ. ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕಿ, ಲಿಟ್ಮಸ್ ಕಾಗದ ಅದ್ದಿ ನೋಡಿ. ಕೆಂಪು ಕಾಗದ ನೀಲಿಯಾಗುತ್ತಿದ್ದರೆ ಇನ್ನೊಮ್ಮೆ ತೊಳೆಯಿರಿ. ಆ ನೀರನ್ನು ಹೊಲಕ್ಕೆ, ಹಳ್ಳಕ್ಕೆ ಬಿಡಬೇಡಿ. ಮೊದಲೇ ನಿಮ್ಮ ಕಡೆ ಸವಳು ನೆಲ ಕಡಿಮೆ ಇಲ್ಲ.

ಎಪಾಕ್ಸಿಯಲ್ಲಿ ಎರಡೇ ಮಾತು. ನಮ್ಮಲ್ಲಿ ಸುಲಭಕ್ಕೆ ಸಿಗುವ ಲ್ಯಾಪಾಕ್ಸ್ ಎಲ್-12ಕ್ಕೆ ಕೆ-6 ಹಾರ್ಡ್‌ನರ್ ಸೇರಿಸುವುದು 100 ಗ್ರಾಮಿಗೆ 10 ಗ್ರಾಂ. ಮುಚ್ಚಳದ ಲೆಕ್ಕ ನಡೆಯದು, ತಕ್ಕಡಿ ಬೇಕು. ಹಾರ್ಡ್‌ನರ್ ಎರಡು ಹನಿ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅನ್ನುವವರ ಮಾತು ಕೇಳಬೇಡಿ. ಜೊತೆ ಸಿಗದ ಹಾರ್ಡ್‌ನರ್ ಒಳಗೇ ಉಳಿದು ಬೋರ್ಡನ್ನು ಮೆತ್ತಗೆ ಮಾಡುತ್ತದೆ. ಇನ್ನೊಂದು, ಏಪ್ರಿಲ್‌ನಲ್ಲಿ ಅರ್ಧ ಕಿಲೋ ಒಟ್ಟಿಗೆ ಕಲಸಿದರೆ ಡಬ್ಬಿಯಲ್ಲೇ ಕಾದು ಹೊಗೆಯಾಡುತ್ತದೆ. 200 ಗ್ರಾಮಿನಂತೆ ಕಲಸಿ, ಅಗಲದ ತಟ್ಟೆಗೆ ಸುರಿದುಕೊಳ್ಳಿ.

ಪರ್ಸೆಂಟ್ ಅಂದಿರಲ್ಲ, ಅದು ತೂಕದ್ದೋ ಗಾತ್ರದ್ದೋ ಬರೆದಿಲ್ಲ. ಎರಡೂ ಒಂದೇ ಅಲ್ಲ. ನಾರಿನ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 1.4 ಗ್ರಾಂ, ಎಪಾಕ್ಸಿಯದು 1.15. ತೂಕದಲ್ಲಿ 30 ಅಂದರೆ ಗಾತ್ರದಲ್ಲಿ 26 ಮಾತ್ರ. 300 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಬೋರ್ಡು 270 ಘನ ಸೆಂ.ಮೀ. ಗಾತ್ರದಲ್ಲಿ 30 ಬೇಕಾದರೆ ನಾರು 113 ಗ್ರಾಂ, ಅಂಟು 217 ಗ್ರಾಂ. ಇದಕ್ಕಿಂತ ಜಾಸ್ತಿ ನಾರನ್ನು ಕೈಯಿಂದ ಹಾಸಿ ಸೇರಿಸಲಾಗದು. 40 ಪರ್ಸೆಂಟಿನ ಬೋರ್ಡಿನಲ್ಲಿ ನಿಮಗೆ ನಾರು ಪೂರ್ತಿ ನೆನೆದಿರಲಾರದು. ಒಣ ನಾರಿನ ಗುಪ್ಪೆಗಳು ಒಳಗೆ ಉಳಿದಿರುತ್ತವೆ. ಎರಡು ದಪ್ಪ ಉಕ್ಕಿನ ಪ್ಲೇಟು, ನಾಲ್ಕು ಮೂಲೆಗೆ ಬೋಲ್ಟು, ನಡುವೆ 3 ಮಿ.ಮೀ. ಪಟ್ಟಿ. ಇಷ್ಟು ನಿಮ್ಮ ವರ್ಕ್‌ಶಾಪಿನಲ್ಲೇ ಆಗುತ್ತದೆ. ಬಿಗಿದಾಗ ಜಾಸ್ತಿ ಅಂಟು, ಗಾಳಿ ಎರಡೂ ಅಂಚಿನಿಂದ ಹೊರಗೆ ಬರಬೇಕು. ಪ್ಲೇಟಿಗೆ ಮೇಣ ಸವರಲು ಮರೆತರೆ ಮಾತ್ರ ಆಮೇಲೆ ಸುತ್ತಿಗೆ ಉಳಿಯೇ ಗತಿ.

ಗಾಳಿ ಎಷ್ಟು ಉಳಿದಿದೆ ಅಂತ ತಿಳಿಯಲು ಲ್ಯಾಬ್ ಬೇಡ. ಮೇಲಿನ ಲೆಕ್ಕದ ಬೋರ್ಡಿನ ಸಾಂದ್ರತೆ 1.22 ಬರಬೇಕು. 100 ಮಿ.ಮೀ. ಉದ್ದ, 25 ಅಗಲ, 3.2 ದಪ್ಪದ ತುಂಡು ಕತ್ತರಿಸಿದರೆ ಸರಿಯಾಗಿ 8 ಘನ ಸೆಂ.ಮೀ. ಅಕ್ಕಸಾಲಿಗರ ತಕ್ಕಡಿಯಲ್ಲಿ ಅದು 9.2 ಗ್ರಾಂ ತೂಗಿತು ಅನ್ನಿ. ಆಗ ಸಾಂದ್ರತೆ 1.15. ಅಂದರೆ ಸುಮಾರು 6 ಪರ್ಸೆಂಟ್ ಗಾಳಿ. ಅಷ್ಟು ಗಾಳಿ ಇರುವ ಬೋರ್ಡನ್ನು ನಾನಾದರೆ ಟೆಸ್ಟಿಗೆ ಒಯ್ಯುವುದೇ ಇಲ್ಲ.

ಟೆಸ್ಟಿನ ವಿಷಯಕ್ಕೆ ಬಂದರೆ ನನಗೆ ನಿಮ್ಮ ನಂಬರುಗಳ ಮೇಲೇ ಸ್ವಲ್ಪ ಅನುಮಾನ. ಒಂದೊಂದು ಬೋರ್ಡಿಗೆ ಒಂದೇ ನಂಬರ್ ಬರೆದಿದ್ದೀರಿ. ಒಂದೇ ತುಂಡು ಎಳೆದಿರಾ? ಗಿಡದ ನಾರಿನಲ್ಲಿ ಒಂದು ತುಂಡಿಗೂ ಪಕ್ಕದ ತುಂಡಿಗೂ 15-20 ಪರ್ಸೆಂಟ್ ವ್ಯತ್ಯಾಸ ಬರುವುದು ಮಾಮೂಲು. ಹಾಗಿದ್ದಾಗ 38 ಮತ್ತು 34ರ ನಡುವೆ ನಿಜವಾದ ವ್ಯತ್ಯಾಸ ಇದೆ ಅಂತ ಹೇಗೆ ಹೇಳುವುದು? ಕಡಿಮೆ ಅಂದರೂ ಐದು ತುಂಡು ಬೇಕು, ಐದರ ನಂಬರನ್ನೂ ಬರೆಯಬೇಕು.

ಇನ್ನೊಂದು ಪ್ರಶ್ನೆ. ಯಾವ ಮಶೀನಿನಲ್ಲಿ ಎಳೆದದ್ದು? ಹಳೆಯ ಲ್ಯಾಬುಗಳಲ್ಲಿ ಇರುವ ದೊಡ್ಡ ಯುಟಿಎಂ (ಎಳೆದು, ಅದುಮಿ ಶಕ್ತಿ ಅಳೆಯುವ ಮಶೀನು) ಕಬ್ಬಿಣದ ಸಳಿ ಎಳೆಯಲು ಇಟ್ಟದ್ದು, 40 ಟನ್, 60 ಟನ್ನಿನದು. ನಿಮ್ಮ ತುಂಡು 13 ಮಿ.ಮೀ. ಅಗಲ, 3 ಮಿ.ಮೀ. ದಪ್ಪ ಇದ್ದರೆ 38 ಎಂಪಿಎಗೆ ಅದು ತಡೆದ ಭಾರ ಸುಮಾರು 150 ಕಿಲೋ. 40 ಟನ್ನಿನ ಕಾಟಾದ ಮೇಲೆ ಒಬ್ಬ ಮನುಷ್ಯನನ್ನು ತೂಗಿದ ಹಾಗಾಯಿತು. ಮುಳ್ಳು ಅಲ್ಲಾಡಿತೋ ಇಲ್ಲವೋ ಅನ್ನುವಷ್ಟರಲ್ಲಿ ತುಂಡು ಮುರಿದಿರುತ್ತದೆ. 5 ಅಥವಾ 10 ಕಿಲೋನ್ಯೂಟನ್ ಲೋಡ್‌ಸೆಲ್ (ಭಾರ ಅಳೆಯುವ ಭಾಗ) ಇರುವ ಸಣ್ಣ ಮಶೀನು ಕೇಳಿ ಪಡೆಯಿರಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಹೋಗುವ ಮುಂಚೆ ಫೋನ್ ಮಾಡಿ ಮಶೀನಿನ ಕೆಪ್ಯಾಸಿಟಿ ವಿಚಾರಿಸಿ.

ತುಂಡಿನ ಆಕಾರವೂ ಮುಖ್ಯ. ಪ್ಲಾಸ್ಟಿಕ್ಕಿಗೆ ಬಳಸುವ ಎಎಸ್‌ಟಿಎಂ (ಅಮೆರಿಕದ ಟೆಸ್ಟ್ ಮಾನಕ) ಡಿ638ರಲ್ಲಿ ತುಂಡು ಡಂಬೆಲ್‌ನ ಹಾಗೆ, ನಡು ಸಣ್ಣ. ಚಿಕ್ಕ ನಾರಿಗೆ ಅದು ಸರಿ. ಉದ್ದ ನಾರಿನ ಬೋರ್ಡಿನಲ್ಲಿ ಆ ತಿರುವು ಕತ್ತರಿಸುವಾಗ ನಾರೂ ತುಂಡಾಗುತ್ತದೆ. ಅದಕ್ಕೆ ಡಿ3039ರ ಹಾಗೆ 250 ಮಿ.ಮೀ. ಉದ್ದ, 25 ಮಿ.ಮೀ. ಅಗಲದ ನೇರ ಪಟ್ಟಿ ಮಾಡಿ, ಎರಡೂ ತುದಿಗೆ ತೆಳು ಅಲ್ಯುಮಿನಿಯಂ ಪಟ್ಟಿ ಅಂಟಿಸಿ. ಹಿಡಿಕೆಯ ಬಾಯಲ್ಲೇ ಮುರಿದರೆ ಆ ನಂಬರ್ ಲೆಕ್ಕಕ್ಕಿಲ್ಲ.

ಪ್ರತಿ ಸಲ ಕಾಲೇಜಿಗೆ ಓಡುವುದು ಯಾಕೆ? ಬಗ್ಗಿಸಿ ಮುರಿಯುವ ಟೆಸ್ಟನ್ನು ವರ್ಕ್‌ಶಾಪಿನಲ್ಲೇ ಮಾಡಬಹುದು. ಇದನ್ನು ನಾನು ಇವತ್ತಿಗೂ ಮಾಡುತ್ತೇನೆ. 10 ಮಿ.ಮೀ. ದಪ್ಪದ ಎರಡು ನುಣುಪು ಸರಳನ್ನು ಒಂದು ಚೌಕಟ್ಟಿನ ಮೇಲೆ ವೆಲ್ಡ್ ಮಾಡಿ, ನಟ್ಟನಡುವಿನಿಂದ ನಟ್ಟನಡುವಿಗೆ 64 ಮಿ.ಮೀ. ಬೋರ್ಡಿನ ದಪ್ಪ 4 ಮಿ.ಮೀ. ಅಂದುಕೊಂಡು ಈ ಅಳತೆ. ಎಎಸ್‌ಟಿಎಂ ಡಿ790 ಹೇಳುವುದು ದಪ್ಪದ 16 ಪಟ್ಟು ಅಂತರ ಇರಲಿ ಅಂತ. 25 ಮಿ.ಮೀ. ಅಗಲದ ಪಟ್ಟಿಯನ್ನು ಮೇಲಿಡಿ. ಸರಿಯಾಗಿ ನಡುವೆ ಇನ್ನೊಂದು ಸರಳಿನ ಕೊಕ್ಕೆ ಹಾಕಿ ಬಕೆಟ್ ತೂಗುಬಿಡಿ. ಈಗ ಬಕೆಟ್ಟಿಗೆ ಮರಳು ಸುರಿಯುತ್ತಾ ಹೋಗಿ, ನಿಧಾನವಾಗಿ, ಚಹಾ ಲೋಟದ ಅಳತೆಯಲ್ಲಿ. ಕೆಳಗೆ ನಾಲ್ಕು ಬೆರಳು ಎತ್ತರದಲ್ಲಿ ಹಳೆಯ ಗೋಣಿಚೀಲ ಇರಲಿ, ಕಾಲು ಇರುವುದು ಬೇಡ. ಮುರಿಯುವ ಮೊದಲು ಕಿವಿಗೊಟ್ಟು ಕೇಳಿ. ಹಿಡಿತ ಚೆನ್ನಾಗಿರುವ ಬೋರ್ಡು ಸುಮ್ನೆ ಇದ್ದು ಒಮ್ಮೆಲೇ ಫಟ್ ಅನ್ನುತ್ತದೆ. ಹಿಡಿತ ಇಲ್ಲದ್ದು ಹುರಿಗಡಲೆ ಜಗಿದ ಹಾಗೆ ಚಟಚಟ ಅನ್ನುತ್ತಾ ಮೆಲ್ಲಗೆ ಜೋಲುತ್ತದೆ.

ಮುರಿದಾಗ ಬಕೆಟ್, ಮರಳು, ಕೊಕ್ಕೆ ಎಲ್ಲ ಸೇರಿಸಿ ತೂಗಿ. ಈ ಅಳತೆಯ ಪಟ್ಟಿಗೆ ಪ್ರತಿ ಕಿಲೋ ಅಂದರೆ 2.35 ಎಂಪಿಎ. 25 ಕಿಲೋಗೆ ಮುರಿದರೆ ಸುಮಾರು 59. ಸೂತ್ರ ಬೇಕಾದವರಿಗೆ: ಭಾರ, ಅಂತರ, ಮೂರು ಇವನ್ನು ಗುಣಿಸಿ, ಅಗಲ, ದಪ್ಪದ ವರ್ಗ, ಎರಡು ಇವುಗಳ ಗುಣಲಬ್ಧದಿಂದ ಭಾಗಿಸಿ. ಆ 'ದಪ್ಪದ ವರ್ಗ' ಅನ್ನುವಲ್ಲಿ ಎಲ್ಲರೂ ಎಡವುತ್ತಾರೆ. ಬೋರ್ಡು ಒಂದು ಮೂಲೆಯಲ್ಲಿ 4 ಇದ್ದು, ನೀವು ಮುರಿದ ಜಾಗದಲ್ಲಿ 3.6 ಇತ್ತು ಅನ್ನಿ. 4 ಅಂತ ಹಿಡಿದರೆ 60 ಬರುತ್ತದೆ, 3.6 ಹಿಡಿದರೆ 74. ದಪ್ಪದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ, ಉತ್ತರದಲ್ಲಿ ಕಾಲು ಭಾಗ ಹೆಚ್ಚುಕಮ್ಮಿ. ಸ್ಕೇಲ್ ಬಿಟ್ಟು ವರ್ನಿಯರ್ ಹಿಡಿಯಿರಿ, ಪ್ರತಿ ಪಟ್ಟಿಯನ್ನೂ ನಡುವಿನಲ್ಲೇ ಮೂರು ಕಡೆ ಅಳೆಯಿರಿ. ಮತ್ತೆ, ಬಗ್ಗಿಸಿದ ನಂಬರನ್ನು ಎಳೆದ ನಂಬರಿನ ಪಕ್ಕ ಇಟ್ಟು ಹೋಲಿಸಬೇಡಿ. ಬಗ್ಗಿಸಿದ್ದು ಸಾಮಾನ್ಯವಾಗಿ ಜಾಸ್ತಿಯೇ ಬರುತ್ತದೆ.

ಜೊತೆಗೆ ಒಂದು ಪಟ್ಟಿಯನ್ನು ತೂಗಿ, 24 ಗಂಟೆ ನೀರಿನಲ್ಲಿಟ್ಟು, ಒರೆಸಿ ಮತ್ತೆ ತೂಗಿ. ನೀರು ಒಳಗೆ ಹೋಗುವುದು ಕತ್ತರಿಸಿದ ಅಂಚಿನಿಂದ. ಅಲ್ಲಿ ನಾರಿನ ಬಾಯಿ ತೆರೆದಿರುತ್ತದೆ, ದೀಪದ ಬತ್ತಿಯ ಹಾಗೆ ಹೀರುತ್ತದೆ. ಮಾರುವ ವಸ್ತುವಾದರೆ ಅಂಚಿಗೆ ಅಂಟು ಬಳಿಯದೆ ಕೊಡಬೇಡಿ.

ಇನ್ನು ನಿಮ್ಮ ಪ್ಲೈವುಡ್ ಕನಸು. ಇಲ್ಲಿ ಸ್ವಲ್ಪ ಕಹಿ ಹೇಳಬೇಕು. 8 ಅಡಿ, 4 ಅಡಿ, 12 ಮಿ.ಮೀ.ನ ಒಂದು ಶೀಟ್ ಅಂದರೆ ಹತ್ತಿರ ಹತ್ತಿರ 36 ಲೀಟರ್ ಗಾತ್ರ. ಅದರಲ್ಲಿ 70 ಪರ್ಸೆಂಟ್ ಎಪಾಕ್ಸಿ ಅಂದರೆ 29 ಕಿಲೋ. ಎಪಾಕ್ಸಿ ಕಿಲೋಗೆ ನೂರಾರು ರೂಪಾಯಿ. ನಾರು ಪುಕ್ಕಟೆ ಸಿಕ್ಕರೂ ಆ ಶೀಟನ್ನು ಯಾರೂ ಕೊಳ್ಳುವುದಿಲ್ಲ. ಪಾರ್ಟಿಕಲ್ ಬೋರ್ಡ್ ದಾರಿಯೇ ಬೇರೆ. ಅದೇ ಅಳತೆಯ ಶೀಟ್ ಒಟ್ಟು 25 ಕಿಲೋ ತೂಗುತ್ತದೆ, ಅದರಲ್ಲಿ ಅಂಟು ಎರಡೂವರೆ ಕಿಲೋ ಆಸುಪಾಸು. ಅಂಟು ಯೂರಿಯಾ ಫಾರ್ಮಾಲ್ಡಿಹೈಡ್. ಅಷ್ಟು ಕಡಿಮೆ ಅಂಟು ಸಾಲುವುದು 150 ಡಿಗ್ರಿ ಮೇಲಿನ ಬಿಸಿ ಪ್ರೆಸ್ಸಿನಲ್ಲಿ ಅದುಮುವುದರಿಂದ. ಆ ಪ್ರೆಸ್ಸಿಗೆ ಬಂಡವಾಳ ಬೇಕು. ಒಬ್ಬರ ಶೆಡ್ಡಿನ ಕೆಲಸವಲ್ಲ. ಅಂಥ ಬೋರ್ಡು ಪಾಸಾಗಬೇಕಾದ್ದು ಭಾರತೀಯ ಮಾನಕ ಐಎಸ್ 3087ರಲ್ಲಿ, ಟೆಸ್ಟಿನ ವಿಧಾನ ಐಎಸ್ 2380ರಲ್ಲಿ.

ಬಗ್ಯಾಸ್‌ನಲ್ಲಿ ಬೋರ್ಡ್ ಆಗುತ್ತದೆ, ಜಗತ್ತಿನ ಹಲವು ಕಡೆ ಮಾಡುತ್ತಾರೆ. ಆದರೆ ಕಬ್ಬಿನ ಒಳಗಿನ ಬೆಂಡನ್ನು ಮೊದಲು ಬೇರ್ಪಡಿಸಬೇಕು. ಬೆಂಡು ಅಂಟನ್ನು ಕುಡಿಯುತ್ತದೆ, ಶಕ್ತಿ ಮಾತ್ರ ಕೊಡುವುದಿಲ್ಲ. ಒಂದು ಟನ್ ಕಬ್ಬಿಗೆ 280-300 ಕಿಲೋ ಬಗ್ಯಾಸ್ ಬಂದರೂ ಅರ್ಧ ನೀರು. ನಿಮ್ಮ ಸುತ್ತಲಿನ ಸಕ್ಕರೆ ಕಾರ್ಖಾನೆಗಳು ಅದನ್ನು ಬಾಯ್ಲರಿಗೆ ಹಾಕಿ ಕರೆಂಟ್ ಮಾಡುತ್ತವೆ, ನಿಮಗೆ ಅಗ್ಗಕ್ಕೆ ಯಾಕೆ ಕೊಟ್ಟಾರು? ರಾಶಿ ಹಾಕಿದ ಬಗ್ಯಾಸ್‌ನಲ್ಲಿ ಬೂಷ್ಟು ಹಿಡಿದರೆ ಅದರ ಧೂಳಿನಿಂದ ಪುಪ್ಪುಸದ ಕಾಯಿಲೆಯೂ ಬರುತ್ತದೆ. ಬಗ್ಯಾಸೋಸಿಸ್ ಅಂತಲೇ ಅದಕ್ಕೆ ಹೆಸರು. ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಕಣಿಕಿ ಬೇಡವೇ ಬೇಡ. ಅದು ದನದ ಬಾಯಿಯ ತುತ್ತು. ಬರ ಬಿದ್ದ ವರ್ಷ ವಿಜಯಪುರದ ಕಡೆ ಕಣಿಕಿಗೆ ಏನು ಬೆಲೆ ಬರುತ್ತದೆ ಅಂತ ನಿಮಗೇ ಗೊತ್ತು. ದನ ತಿನ್ನದ್ದನ್ನು ನೋಡಿ: ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ. ಇವತ್ತು ಒಲೆಗೆ ಹೋಗುತ್ತವೆ, ಇಲ್ಲ ಹೊಲದಲ್ಲೇ ಸುಡುತ್ತಾರೆ. ಹತ್ತಿ ಕಟ್ಟಿಗೆಯ ಪಾರ್ಟಿಕಲ್ ಬೋರ್ಡ್ ಬಗ್ಗೆ ಮುಂಬೈನ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿರ್ಕಾಟ್ ಕೆಲಸ ಮಾಡಿದೆ. ದೊಡ್ಡದಾಗಿ ಯೋಚಿಸುವುದಾದರೆ ನಾಲ್ಕು ಜನ ಸೇರಿ ಆ ದಾರಿ ಹಿಡಿಯಿರಿ. ಹತ್ತಿಗೂ ಬೋರ್ಡಿಗೂ ಹಳೆಯ ನಂಟು ಅನ್ನಿ. ಪೂರ್ವ ಜರ್ಮನಿಯ ಟ್ರಾಬಂಟ್ ಕಾರಿನ ಹೊರಮೈಯನ್ನೇ ಹತ್ತಿಯ ಕಸ ಮತ್ತು ಫೀನಾಲ್ ರೆಸಿನ್ ಅದುಮಿ ಮಾಡುತ್ತಿದ್ದರು, 1957ರಿಂದ 1991ರ ತನಕ.

ನಿಮ್ಮ ಪುಂಡಿ-ಎಪಾಕ್ಸಿಗೆ ಸಣ್ಣ ವಸ್ತುಗಳು ಸರಿ. ಟ್ರೇ, ಮಶೀನಿನ ಕವರ್, ಗಡಿಯಾರದ ಫಲಕ, ಮೀಟರ್ ಬೋರ್ಡಿನ ಮುಚ್ಚಳ. ಅಂಟು ಕಡಿಮೆ, ಕೈಕೆಲಸ ಜಾಸ್ತಿ ಇರುವಂಥವು. ಅಂಟಿನ ಖರ್ಚೇ ಬೇಡ ಅಂದರೆ ಪಾಲಿಪ್ರೊಪಿಲಿನ್ ಹಾಳೆಗಳ ನಡುವೆ ನಾರಿಟ್ಟು ಬಿಸಿ ಪ್ರೆಸ್ ಮಾಡಬಹುದು. ಅದು 165 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. 200 ದಾಟಿಸಿದರೆ ನಾರು ಕಪ್ಪಾಗಿ ಕಮಟು ವಾಸನೆ ಬರುತ್ತದೆ, ಅಲ್ಲಿಗೆ ಬೋರ್ಡು ಹೋಯಿತು. ಆ ಮೇಣದಂಥ ಪ್ಲಾಸ್ಟಿಕ್ಕಿಗೂ ನಾರಿಗೂ ಹಿಡಿತ ತರಿಸುವ ಇನ್ನೊಂದು ಗೋಳಿದೆ, ಇನ್ನೊಮ್ಮೆ ಬರೆಯುತ್ತೇನೆ.

ಸದ್ಯಕ್ಕೆ 30, 40 ಬಿಟ್ಟುಬಿಡಿ. ಗಾತ್ರದಲ್ಲಿ 20 ಪರ್ಸೆಂಟಿನ ಎರಡೇ ಬೋರ್ಡು ಮಾಡಿ. ಎರಡರಲ್ಲೂ ನಾರು 30 ಮಿ.ಮೀ., ಓವನ್ನಿನಲ್ಲಿ ಒಣಗಿಸಿದ್ದು. ಒಂದಕ್ಕೆ ಕಾಸ್ಟಿಕ್ ಮಾಡಿದ್ದು, ಒಂದಕ್ಕೆ ಮಾಡದ್ದು. ಒಂದೊಂದರಿಂದ ಐದು ಪಟ್ಟಿ ಕತ್ತರಿಸಿ ಬಕೆಟ್ಟಿನಲ್ಲಿ ಮುರಿಯಿರಿ. ಹತ್ತೂ ಪಟ್ಟಿಯ ದಪ್ಪ, ಅಗಲ, ಮುರಿದ ಕಿಲೋ ಬರೆದು ಕಳಿಸಿ. ಮುರಿದ ತುಂಡುಗಳನ್ನು ಎಸೆಯಬೇಡಿ. ಗಡಿಯಾರ ರಿಪೇರಿಯವರ ಹತ್ತಿರ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಇರುತ್ತದೆ, ಒಂದು ಗಳಿಗೆ ಇಸಿದುಕೊಂಡು ಅಂಚನ್ನು ನೋಡಿ. ಕಾಸ್ಟಿಕ್ ಮಾಡಿದ ಬೋರ್ಡಿನಲ್ಲಿ ಚಾಚಿದ ನಾರು ಗಿಡ್ಡವಾಗಿದ್ದು, ಮೈಗೆ ಅಂಟಿನ ಚೂರು ಹತ್ತಿಕೊಂಡಿದ್ದರೆ ಹಿಡಿತ ಬಂತು ಅಂತ ಲೆಕ್ಕ. ಆಮೇಲೆ 30ಕ್ಕೆ ಹೋಗೋಣ.